ಕತ್ತರಿಸಿದ ಫೋಟೋದ ತೂಕ

ಯಾವುದನ್ನೂ ಬಿಸಾಡಲಾರದವರ ಪೈಕಿ ನಾನೊಬ್ಬ. ಹಾಗಂತ ಬಾಯಿಬಿಟ್ಟು ಎಲ್ಲೂ ಒಪ್ಪಿಕೊಂಡವನಲ್ಲ. ನಿಂತುಹೋದ ಗಡಿಯಾರ, ಹಿಡಿಕೆ ಕಳಚಿದ ಕೊಡೆ ಇವೆಲ್ಲ ಹೋಗಲಿ. ನವನಗರದ ನಮ್ಮ ಮನೆಯ ಹಿತ್ತಲಲ್ಲಿ ಗೋಡೆಗೊರಗಿಕೊಂಡು ಒಂದು ಸಾಗುವಾನಿ ಬಾಗಿಲ ಚೌಕಟ್ಟು ನಿಂತಿದೆ. ಹಳೇ ಬಾಗಲಕೋಟೆಯಲ್ಲಿದ್ದ ನಮ್ಮ ಮನೆಯದು. ಅಣೆಕಟ್ಟಿನ ಹಿನ್ನೀರಿನಲ್ಲಿ ಓಣಿ ಮುಳುಗುವ ಮುಂಚೆ ಕಿತ್ತು ತಂದದ್ದು. ಹೊಸ ಮನೆಯ ಯಾವ ಗೋಡೆಗೂ ಅದು ಹೊಂದಲಿಲ್ಲ. ನನ್ನ ಹೆಂಡತಿ ಸುಮಿತ್ರಾ ಅದರ ಮೇಲೆ ಒದ್ದೆ ಟವೆಲು ಒಣಹಾಕುತ್ತಾಳೆ. ಹಾಕುವಾಗೊಮ್ಮೆ ತೆಗೆಯುವಾಗೊಮ್ಮೆ ನನ್ನ ಮುಖ ನೋಡುತ್ತಾಳೆ. ನಾನು ಪೇಪರಿನಲ್ಲಿ ಮುಖ ಹುದುಗಿಸುತ್ತೇನೆ.

ಇಂಥವನ ಕೈಗೆ ಅಕ್ಕ ತನ್ನ ಪುಸ್ತಕ ಕೊಟ್ಟಳು. ಅಕ್ಕ ಈಗ ಕಲಾದಗಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ನೀರಿನಡಿ ಹೋದ ನಮ್ಮ ಓಣಿಯ ಬಗ್ಗೆ ಎರಡು ನೋಟ್‌ಬುಕ್ಕಿನ ತುಂಬ ಬರೆದಿದ್ದಳು. ಯಾರ ಮನೆಯ ಕಟ್ಟೆಯ ಮೇಲೆ ಶಾವಿಗೆ ಹೊಸೆಯುತ್ತಿದ್ದರು, ಯಾರ ರೊಟ್ಟಿ ಬಡಿಯುವ ಸಪ್ಪಳಕ್ಕೆ ಓಣಿ ಏಳುತ್ತಿತ್ತು, ಎಲ್ಲ. ಓಣಿಯವರು ವರ್ಷಕ್ಕೊಮ್ಮೆ ನವನಗರದಲ್ಲಿ ಸೇರುವ ರೂಢಿ ಇನ್ನೂ ಇದೆ. ಈ ಸಲ ಎಲ್ಲರ ಕೈಗೂ ಒಂದೊಂದು ಪುಸ್ತಕ ಕೊಡಬೇಕೆಂಬುದು ಅವಳ ಆಸೆ. “ತಮ್ಮಾ, ಬರೂ ವರ್ಷ ನಾ ಇರ್ತೇನೋ ಇಲ್ಲೋ. ಈ ಸಲನ ಆಗಬೇಕು. ಮತ್ತ ಫೋಟೋ ಒಂದೂ ಬಿಡಬ್ಯಾಡ, ನೋಡು” ಎಂದಿದ್ದಳು. ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿ ಟೈಪು ಮಾಡಿದವನಿಗೆ ಇದೇನು ಮಹಾ ಅಂತ ನಾನೂ ಎದೆ ತಟ್ಟಿಕೊಂಡು ಒಪ್ಪಿದೆ.

ಟೈಪಿಂಗು ಸುಸೂತ್ರ ಮುಗಿಯಿತು. ತೊಂದರೆ ಬಂದದ್ದು ಫೋಟೋಗಳಿಂದ. ಸ್ಕ್ಯಾನ್ ಮಾಡುವವನಿಗೆ “ಒಂದ ಸಲ ಮಾಡೂದು, ಭಾಳ ಚಲೋ ಮಾಡಪಾ” ಅಂದಿದ್ದೆ. ಪುಣ್ಯಾತ್ಮ ಗೋಡೆಯ ಸುಣ್ಣದ ಬಿರುಕೂ ಎಣಿಸಬಹುದಾದಷ್ಟು ಚೆನ್ನಾಗಿ ಮಾಡಿಕೊಟ್ಟಿದ್ದ. ನಲವತ್ತು ಫೋಟೋಗಳನ್ನೂ ಅಕ್ಕನ ಬರಹದ ನಡುವೆ ಕೂರಿಸಿದೆ. ಫೈಲು ಇನ್ನೂರು ಎಂಬಿ ದಾಟಿತು. ಹುಬ್ಬಳ್ಳಿಯ ಮುದ್ರಣಾಲಯದವರು, ಇಪ್ಪತ್ತೈದು ಎಂಬಿ ಒಳಗಿದ್ದರೆ ಮಾತ್ರ ಮೇಲ್ ಹೋಗುತ್ತದೆ, ಮಂಗಳವಾರ ಸಂಜೆ ಐದರೊಳಗೆ ಬರದಿದ್ದರೆ ಭಾನುವಾರ ಓಣಿಯವರು ಸೇರುವ ಹೊತ್ತಿಗೆ ಪುಸ್ತಕ ಸಿಗುವುದಿಲ್ಲ ಎಂದು ಖಡಾಖಂಡಿತ ಹೇಳಿದ್ದರು. ಆ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ನಾನು ಬೆವರುತ್ತ ಕೂತಿದ್ದೆ.

ಮೊದಲು ಪ್ರತಿ ಫೋಟೋದ ಮೂಲೆ ಹಿಡಿದು ಒತ್ತಿ ಒತ್ತಿ ಚಿಕ್ಕದು ಮಾಡಿದೆ. ಫೋಟೋ ಅಂಚೆಚೀಟಿಯಷ್ಟಾದರೂ ಫೈಲು ಜಪ್ಪಯ್ಯ ಅನ್ನಲಿಲ್ಲ. ಅವನ್ನು ಮತ್ತೆ ಮೊದಲಿನಂತೆ ಹಿಗ್ಗಿಸಿ, ಕಂಪ್ಯೂಟರಿನ ಕತ್ತರಿ ಹಿಡಿದೆ. ಬೇಡದ ಆಕಾಶ, ಬೇಡದ ಗೋಡೆ, ಯಾರದೋ ಎಮ್ಮೆಯ ಹಿಂಭಾಗ ಎಲ್ಲ ಕತ್ತರಿಸಿದೆ. ಹಾಗೆ ಕತ್ತರಿಸುತ್ತ ಹೋದಾಗ ಕೊನೆಯ ಫೋಟೋ ಬಂತು.

ಅದು ನಾವು ಮನೆ ಬಿಟ್ಟ ದಿನದ್ದು. ನಡುವೆ ಅವ್ವ, ಪಕ್ಕದಲ್ಲಿ ಅಕ್ಕ, ಹಿಂದೆ ಸಾಮಾನು ಹೇರಿದ ಟ್ರ್ಯಾಕ್ಟರು. ಬಲತುದಿಯಲ್ಲಿ ಹೊಸ್ತಿಲ ಮೇಲೆ ಕೂತು, ಎರಡೂ ಕೈಯಲ್ಲಿ ಚೌಕಟ್ಟು ತಬ್ಬಿಕೊಂಡು, ಬಾಯಿ ತೆರೆದು ಅಳುತ್ತಿರುವ ಮೀಸೆಯ ಗಂಡಸು ನಾನು. ಆ ದಿನಗಳಲ್ಲಿ ಕಚೇರಿಯ ಕಿಟಕಿಯಾಚೆ ಮುಳುಗಡೆ ಪರಿಹಾರಕ್ಕೆಂದು ನಿಂತ ಓಣಿಯವರಿಗೆಲ್ಲ “ಬೇಕಾದ್ದಷ್ಟ ಒಯ್ರಿ. ಹಳೇ ಕಲ್ಲು ಕಟಗಿಗೆ ಯಾಕ ಅಳ್ತೀರಿ?” ಎಂದು ಉಪದೇಶ ಮಾಡುತ್ತಿದ್ದವನೂ ನಾನೇ. ಅವರೇ ಭಾನುವಾರ ಈ ಪುಟ ತೆರೆಯುವವರು. ಸೈಜು ಕಡಿಮೆಯಾಗಲೆಂದು ನನಗೆ ನಾನೇ ಹೇಳಿಕೊಂಡು, ಬಲತುದಿಯನ್ನು ಕತ್ತರಿಸಿಬಿಟ್ಟೆ.

ಆದರೂ ಫೈಲು ಇನ್ನೂರು ಎಂಬಿಯೇ! ಸುಮಿತ್ರಾ ಚಹಾ ತಂದಿಟ್ಟಳು. ಕಾಲೇಜಿನ ಆಫೀಸಿನಲ್ಲಿ ಪ್ರಶ್ನೆಪತ್ರಿಕೆ ಟೈಪು ಮಾಡಿ ನಿವೃತ್ತಳಾದವಳು ಅವಳು. ಅವಳನ್ನು ಕೇಳುವುದು ನನ್ನ ಜಂಬಕ್ಕೆ ಒಗ್ಗಿರಲಿಲ್ಲ. ಗಡಿಯಾರ ನೋಡಿದೆ, ಜಂಬ ನುಂಗಿದೆ, ಕೇಳಿದೆ.

“ಕತ್ತರಸಿಲ್ರೀ ನೀವು, ಬರೇ ಮುಚ್ಚಿಟ್ಟೀರಿ” ಎಂದಳು. “ಕತ್ತರಿಸಿದ್ದೆಲ್ಲಾ ಒಳಗ ಹಂಗ ಕುಂತೈತಿ. ಭಾರ ಎಲ್ಲಿ ಇಳೀತೈತಿ?” ಎನ್ನುತ್ತ, ಸಾಕ್ಷಿಗೆಂದು ತೆರೆದಿದ್ದ ಆ ಕೊನೆಯ ಫೋಟೋವನ್ನು ಮೊದಲಿನಂತೆ ಮಾಡುವ ಗುಂಡಿ ಒತ್ತಿದಳು. ಹೊಸ್ತಿಲು ಬಂತು, ಚೌಕಟ್ಟು ಬಂತು, ಅದನ್ನು ತಬ್ಬಿಕೊಂಡು ನಾನೂ ಬಂದೆ.

ಅವಳು ನಗುತ್ತಾಳೆಂದುಕೊಂಡೆ. ನಗಲಿಲ್ಲ. ಸ್ವಲ್ಪ ಹೊತ್ತು ನೋಡಿ, “ಚಿತ್ರ ಕುಗ್ಗಿಸೂ ಗುಂಡಿ ಐತ್ರೀ. ಅದರಾಗ ಕತ್ತರಿಸಿದ ಭಾಗ ಅಳಿಸು ಅಂತನೂ ಐತಿ. ಎಲ್ಲಾ ಫೋಟೋಕ್ಕೂ ಒಮ್ಮೆಲೇ ಒತ್ತತೇನಿ. ಒತ್ತಿ ಕಳಿಸಿದ ಮ್ಯಾಲ ಹೋದದ್ದು ಬರೂದಿಲ್ಲ ಮತ್ತ. ಇದನ್ನ ಮತ್ತ ಕತ್ತರಸ್ಲೇನು?” ಎಂದಳು.

ನಾಲ್ಕೂವರೆ ಆಗಿತ್ತು. ಅಷ್ಟರಲ್ಲಿ ಅಕ್ಕನ ಫೋನು. “ಹೋತೇನಪಾ ಪುಸ್ತಕ?” ಇನ್ನೇನು ಹೋಗುತ್ತದೆ ಎಂದೆ. “ಮನಿ ಬಿಟ್ಟ ದಿನದ ಫೋಟೋ ಐತಿಲ್ಲೋ? ಅದೊಂದರಾಗ ನೋಡು ಆ ಬಾಗಲಾ ಪೂರಾ ಬಂದೈತಿ. ಮತ್ತೆಲ್ಲೂ ಇಲ್ಲ. ಅದನ್ನ ನೋಡಿನ ನಾ ಬರಿಯಾಕ ಕುಂತಿದ್ದೆ” ಎಂದಳು. ಬಾಗಿಲು ಬೇಕೆಂದರೆ ಅದಕ್ಕೆ ಜೋತುಬಿದ್ದವನೂ ಬರಬೇಕು, ಬೇರೆ ದಾರಿಯಿರಲಿಲ್ಲ. “ಇರಲಿ ಬಿಡು, ಹಂಗ ಇರಲಿ” ಎಂದು ಸುಮಿತ್ರಾಳಿಗೆ ಹೇಳಿದೆ. ಅವಳು ಉಳಿದವುಗಳ ಆಕಾಶ, ಗೋಡೆ, ಎಮ್ಮೆಗಳನ್ನು ನಿಜವಾಗಿ ಅಳಿಸಿ, ಎಲ್ಲ ಫೋಟೋಗಳನ್ನೂ ಅಚ್ಚಿಗೆ ಸಾಕಾಗುವಷ್ಟಕ್ಕೆ ಇಳಿಸಿದಳು. ಹದಿನೆಂಟು ಎಂಬಿ! ಐದಕ್ಕೆ ಹತ್ತು ನಿಮಿಷವಿರುವಾಗ ಮೇಲ್ ಹೋಯಿತು.

ಭಾನುವಾರ ಓಣಿಯವರೆಲ್ಲ ಪುಸ್ತಕ ತೆರೆದರು. ಆ ಪುಟದ ಕೆಳಗೆ ಅಕ್ಕನ ವಾಕ್ಯ, ಟೈಪು ಮಾಡುವಾಗ ನಾನು ಕಣ್ಣು ತಪ್ಪಿಸಿ ಬೆರಳಷ್ಟೇ ಆಡಿಸಿ ದಾಟಿದ್ದು: “ಬಲಗಡೆ ಅಳುತ್ತಿರುವವನು ನನ್ನ ತಮ್ಮ. ಅವನನ್ನು ಚೌಕಟ್ಟಿನಿಂದ ಬಿಡಿಸಲು ಇಬ್ಬರು ಬೇಕಾದರು.” ಹಿಂದೆ ನನ್ನ ಉಪದೇಶ ಕೇಳಿದ್ದ ಎದುರುಮನೆಯ ಮುದುಕಪ್ಪ ಹತ್ತಿರ ಬಂದ. ಛೇಡಿಸುತ್ತಾನೆಂದು ಸಜ್ಜಾದೆ. “ಸಾಹೇಬ್ರ, ನೀವೂ ಅತ್ತಿದ್ರೇನ್ರಿ?” ಎಂದು ನನ್ನ ಕೈ ಹಿಡಿದುಕೊಂಡ. ಬಹಳ ಹೊತ್ತು ಬಿಡಲಿಲ್ಲ.

ಮನೆಗೆ ಬಂದು ಹಿತ್ತಲಿಗೆ ಹೋದೆ. ಸುಮಿತ್ರಾ ಟವೆಲು ತೆಗೆಯುತ್ತಿದ್ದಳು.

“ಏನ್ರೀ, ಇದರ ಸೈಜೂ ಒಂದೀಟು ಇಳಸೋಣೇನು? ಕಟಗಿ ಕೊಯ್ಯೂ ಅಡ್ಡೆಯವರನ್ನ ಕರೀಲೇನು?”

ನನ್ನ ಕೈ ತಾನಾಗಿ ಹೋಗಿ ಚೌಕಟ್ಟು ಹಿಡಿದುಕೊಂಡಿತ್ತು. ಅವಳು ಅದನ್ನು ನೋಡಿ ಟವೆಲು ಹೆಗಲಿಗೆ ಹಾಕಿಕೊಂಡು ಒಳಗೆ ಹೊರಟಳು.

“ಬ್ಯಾಡ ಬಿಡ್ರಿ. ಈಗ ಬಿಡಸಾಕ ನಾಕ ಮಂದಿ ಬೇಕಾಕ್ಕಾರ.”