ಸಮುದ್ರಕ್ಕೆ ಹನ್ನೆರಡು ವಿಭೂತಿ ಗಟ್ಟಿ

ಪುರಾಣದಲ್ಲಿ ಸಮುದ್ರವೊಂದನ್ನು ನಿಭಾಯಿಸಲು ದೇವತೆಗಳು, ಅಸುರರು, ಒಂದು ಬೆಟ್ಟ, ಒಂದು ಹಾವು, ಕೆಳಗೊಂದು ಆಮೆ, ಇಷ್ಟೂ ಬೇಕಾಯಿತು. ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿ, ನಾಲ್ಕಡಿ ಗಾಜಿನ ತೊಟ್ಟಿಯೊಳಗಿನ ಸಮುದ್ರಕ್ಕೆ ನಾನೊಬ್ಬಳೇ ಸಾಕು ಎಂದು ೨೦೦೪ರ ಶ್ರಾವಣದಲ್ಲಿ ಘೋಷಿಸಿಬಿಟ್ಟೆ! ಕೇಳಿಸಿಕೊಂಡ ಶಿವ ನಕ್ಕಿರಬೇಕು. ಕಡೆದ ಸಮುದ್ರದಿಂದ ಮೊದಲು ಏನು ಮೇಲೆ ಬರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಸಮುದ್ರ ನಮ್ಮ ಮನೆಗೆ ಬಂದ ಕಾರಣ ಮಾತ್ರ ನಗುವಂಥದ್ದಲ್ಲ. ನನ್ನ ಯಜಮಾನರು ಕೊಟ್ರಪ್ಪನವರು ಇಪ್ಪತ್ತೆಂಟು ವರ್ಷ ದುಡಿದ ಕಾರ್ಖಾನೆ ಒಂದು ಶುಕ್ರವಾರ ಬಾಗಿಲು ಹಾಕಿತು. ಶನಿವಾರದಿಂದ ಅವರು ಬಾಯಿಗೆ ಬಾಗಿಲು ಹಾಕಿದರು. ಗೋಡೆ ನೋಡುತ್ತ ಕೂರುವುದು. "ಊಟ?" ಎಂದರೆ "ಹ್ಞೂಂ". "ಇನ್ನೊಂದು ರೊಟ್ಟಿ?" ಎಂದರೆ "ಬ್ಯಾಡ". ಏಳು ತಿಂಗಳು ಈ ಎರಡು ಮಾತಿನಲ್ಲೇ ಸಂಸಾರ ನಡೆಯಿತು. ಇದಕ್ಕಿಂತ ಕಡಿಮೆ ಮಾತಿನಲ್ಲಿ ಬದುಕುವವರು ಹಿಮಾಲಯದಲ್ಲಷ್ಟೇ ಸಿಗುತ್ತಾರೆ! ಕೊನೆಗೆ ಡಾಕ್ಟರು, "ಮೀನು ಸಾಕಲಿ, ಮನಸ್ಸು ತಿಳಿಯಾಗುತ್ತೆ" ಎಂದರು.

ಬಂಗಾರದ ಮೀನಿನಿಂದ ಶುರುವಾಗಿದ್ದು ಎರಡೇ ವರ್ಷದಲ್ಲಿ ಉಪ್ಪುನೀರಿಗೆ, ಅಲ್ಲಿಂದ ಜೀವಂತ ಹವಳಕ್ಕೆ ಮುಟ್ಟಿತು. ಹವಳವೆಂದರೆ ಉಂಗುರದ ಕಲ್ಲು ಎಂದೇ ತಿಳಿದಿದ್ದ ನನಗೆ, ಅದು ಮೈಯೊಳಗೆ ಸುಣ್ಣದ ಮೂಳೆ ಕಟ್ಟಿಕೊಂಡು ಬೆಳೆಯುವ ಪ್ರಾಣಿ ಎಂದು ಗೊತ್ತಾದದ್ದೇ ಆಗ. ಅವುಗಳಲ್ಲಿ ಕೊಂಬು ಕೊಂಬಾಗಿದ್ದ ನೇರಳೆ ಹವಳವೊಂದನ್ನು ಇವರು ದಿನಾ ಬೆಳಗ್ಗೆ ಮಾತಾಡಿಸುತ್ತಿದ್ದರು. "ಏನವ್ವಾ, ನಿದ್ದಿ ಆತೇನು?" ಆ ಮಾತು ನನಗೆ ಹೇಳಿದ್ದಲ್ಲ. ಆದರೂ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಪುರಾಣ ಕೇಳಿದ ಹಾಗೆ ಕೇಳುತ್ತಿದ್ದೆ.

ಆ ಶ್ರಾವಣದಲ್ಲಿ ನೇರಳೆ ಹವಳದ ಬಣ್ಣ ಮಾಸತೊಡಗಿತು. ಇವರ ತಟ್ಟೆಯಲ್ಲಿ ರೊಟ್ಟಿ ಎರಡರಿಂದ ಒಂದಾಯಿತು. ಮಾತೂ ಅದೇ ಲೆಕ್ಕದಲ್ಲಿ ಇಳಿಯಿತು. ನನಗೆ ಭಯ ಹುಟ್ಟಿತು. ಬನಶಂಕರಿಯಲ್ಲಿ ಮೀನಿನ ಅಂಗಡಿ ಇಟ್ಟಿದ್ದ ಮರೆಪ್ಪನ ಬಳಿಗೆ ಓಡಿದೆ.

"ಕ್ಯಾಲ್ಸಿಯಂ ಕಮ್ಮಿ ಮೇಡಂ. ಮೂರು ದಾರಿ ಇದೆ. ದಿನಾ ಎರಡು ಬಾಟ್ಲಿಯಿಂದ ಅಳೆದು ಅಳೆದು ಹಾಕೋದು. ಇಲ್ಲ, ಸುಣ್ಣದ ತಿಳಿನೀರು ಬಿಡೋದು. ಇಲ್ಲಾಂದ್ರೆ ರಿಯಾಕ್ಟರು."

"ರಿಯಾಕ್ಟರಾ? ಕೈಗಾದಲ್ಲಿ ಇರುತ್ತಲ್ಲ, ಅದಾ?"

"ಅಯ್ಯೋ, ಹವಳಕ್ಕೆ ಒಂದು ಕುಕ್ಕರ್ ಅನ್ಕೊಳಿ ಮೇಡಂ! ಕೊಳವೆ ತುಂಬ ಬಿಳಿ ಕಲ್ಲು. ಅದಕ್ಕೆ ಸೋಡಾ ಗ್ಯಾಸು, ಸೆಕೆಂಡಿಗೆ ಒಂದು ಗುಳ್ಳೆ. ಆ ಸೋಡಾ ನೀರು ಕಲ್ಲನ್ನ ಮೆಲ್ಲಗೆ ಕರಗಿಸಿಕೊಂಡು ತೊಟ್ಟು ತೊಟ್ಟಾಗಿ ಟ್ಯಾಂಕಿಗೆ ಬೀಳುತ್ತೆ. ದಿನಾ ಅಳೆಯೋ ತಲೆನೋವಿಲ್ಲ."

ತೊಟ್ಟು ತೊಟ್ಟಾಗಿ! ಲಿಂಗದ ಮೇಲೆ ತೂಗುಹಾಕಿದ ತಾಮ್ರದ ಧಾರಾಪಾತ್ರೆಯೇ ಕಣ್ಣಿಗೆ ಕಟ್ಟಿತು. ಬಾಟಲಿ ಸೋತಿತು, ತಿಳಿನೀರು ಸೋತಿತು, ರಿಯಾಕ್ಟರು ಅವಿರೋಧವಾಗಿ ಆಯ್ಕೆಯಾಯಿತು. ದೊಡ್ಡದು ಬೇಡ, ತೊಟ್ಟಿಯ ಪಕ್ಕದ ದೇವರ ಗೂಡಿನ ಕೆಳಗೆ ಹಿಡಿಸುವ ಸಣ್ಣದೇ ಇರಲಿ ಎಂದೆ. ಮನೆಯಲ್ಲಿ ಖಾಲಿ ಇದ್ದದ್ದು ಅಲ್ಲಿನ ಪ್ಲಗ್ಗು ಮಾತ್ರ.

ಯಂತ್ರ ಬರುವ ಹೊತ್ತಿಗೆ ಇವರು ತಮ್ಮನ ಗೃಹಪ್ರವೇಶಕ್ಕೆಂದು ಕೊಟ್ಟೂರಿಗೆ ಹೊರಟಿದ್ದರು.

"ಜಯಾ, ನಾ ಬರೋದ್ರಾಗ ಅದನ್ನ ಚಾಲೂ ಮಾಡಿರ್ತೀಯಲ್ಲ?"

ಆ ವರ್ಷದಲ್ಲಿ ಅವರು ನನಗೆ ಹೇಳಿದ ಅತಿ ಉದ್ದದ ವಾಕ್ಯ ಅದು! ನಾನು ಉಬ್ಬಿಹೋದೆ. "ನಿಶ್ಚಿಂತಿಲೆ ಹೋಗಿಬರ್ರಿ. ಬರೋದ್ರಾಗ ನಿಮ್ಮ ಹವಳ ಎದ್ದು ಕುಣೀತಿರ್ತಾವ!"

ಭಾನುವಾರ ಬೆಳಗ್ಗೆ ಕೊಳವೆ ಜೋಡಿಸಿದೆ, ಸಿಲಿಂಡರು ಬಿಗಿದೆ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದಿದ್ದರೂ ಯಂತ್ರದ ಜೊತೆ ಬಂದ ಇಂಗ್ಲಿಷ್ ಕಾಗದವನ್ನು ನಿಘಂಟು ಹಿಡಿದು ಓದಿ ಮುಗಿಸಿದೆ. ಉಳಿದದ್ದು ಬಿಳಿ ಕಲ್ಲು ತುಂಬುವುದು. ಚೀಲ ಬಿಚ್ಚಿದೆ. ಒಳಗೆ ಮಗುವಿನ ಬೆರಳಿನಂಥ ತುಂಡುಗಳು! ಮರೆಪ್ಪನಿಗೆ ಫೋನ್ ಮಾಡಿದೆ.

"ಇದೇನ್ರೀ, ಕಲ್ಲು ಅಂದ್ರಿ?"

"ಸತ್ತ ಹವಳದ ಮೂಳೆ ಮೇಡಂ. ಸತ್ತೋರ್ನ ಕರಗಿಸಿ ಇರೋರಿಗೆ ಊಟ. ಲೋಕಾನೇ ಹಂಗಲ್ವಾ?" ಎಂದು ನಕ್ಕ.

ನನಗೆ ನಗು ಬರಲಿಲ್ಲ. ಮೊಟ್ಟೆಯೂ ಹೊಗದ ಮನೆ. ಶ್ರಾವಣ ಮಾಸ. ಮೇಲೆ ಲಿಂಗ, ಕೆಳಗೆ ಮೂಳೆ! ಚೀಲ ಬಾಲ್ಕನಿಗೆ ಹೋಯಿತು. ಕೊಳವೆ ಖಾಲಿ ನಿಂತಿತು. ಇವರು ಸೋಮವಾರ ಬರುವವರು.

ಆಗ ದೇವರ ಗೂಡಿನಲ್ಲಿ ಪರಿಹಾರ ಕಂಡಿತು. ವಿಭೂತಿ! ಬಿಳಿ ಬಿಳಿ ಗಟ್ಟಿಗಳು. ಜಾತ್ರೆಯ ಅಂಗಡಿಯವನು "ಅಪ್ಪಟ ಆಕಳ ಸಗಣಿ ಭಸ್ಮ ತಾಯಿ" ಎಂದು ಲಿಂಗ ಮುಟ್ಟಿ ಆಣೆ ಮಾಡಿ ಕೊಟ್ಟವು. ಮೂವತ್ತು ವರ್ಷ ನನ್ನ ಹಣೆಯನ್ನು ಕಾಪಾಡಿದ್ದು ಒಂದು ಹವಳವನ್ನು ಕಾಪಾಡದೇ? ಹನ್ನೆರಡು ಗಟ್ಟಿ ಇಳಿಸಿದೆ, ಕೈಮುಗಿದೆ, ಸ್ವಿಚ್ ಒತ್ತಿದೆ. ಸೆಕೆಂಡಿಗೊಂದು ಗುಳ್ಳೆ ಎಣಿಸಲು ಗಡಿಯಾರವೇಕೆ? ಗುಳ್ಳೆಗೊಂದು "ಓಂ ನಮಃ ಶಿವಾಯ" ಎನ್ನುತ್ತ ಕಣ್ಣು ಮುಚ್ಚಿದೆ. ಯಂತ್ರವೂ ನಾನೂ ಸೇರಿ ಜಪಕ್ಕೆ ಕುಳಿತೆವು!

ಕಣ್ಣು ಬಿಟ್ಟಾಗ ಸಮುದ್ರ ಮಾಯ. ಅದರ ಜಾಗದಲ್ಲಿ ನಾಲ್ಕಡಿ ಕ್ಷೀರಸಾಗರ! ಗಟ್ಟಿಗಳೆಲ್ಲ ಪುಡಿಯಾಗಿ ತೊಟ್ಟಿಗೆ ನುಗ್ಗಿದ್ದವು. ಮೀನಿಲ್ಲ, ಹವಳವಿಲ್ಲ, ಹಿಂದಿನ ಗೋಡೆಯೂ ಇಲ್ಲ. ಪ್ಲಗ್ಗು ಕಿತ್ತು ಮತ್ತೆ ಫೋನಿಗೆ ಓಡಿದೆ.

"ಏನು ಹಾಕಿದ್ರಿ ಮೇಡಂ?"

"ಬಿಳೀದು."

"ಬಿಳೀದು ಅಂದ್ರೆ?"

"ಪೂಜೇದು."

ಆ ಕಡೆ ಫೋನು ಕುಕ್ಕಿಟ್ಟ ಸದ್ದು ಕೇಳಿಸಿತು.

ಮರೆಪ್ಪ ಸ್ಕೂಟರಿನಲ್ಲಿ ಬಂದು ಮಧ್ಯಾಹ್ನವಿಡೀ ನೀರು ಬಸಿದು ಹೊಸ ಉಪ್ಪುನೀರು ತುಂಬಿದ. ಮೀನುಗಳು ಬದುಕಿದ್ದವು. ಎರಡು ಸಣ್ಣ ಹವಳಗಳೂ ಬದುಕಿದ್ದವು. ನೇರಳೆ ಹವಳದ ಮೈಮೇಲೆ ಮಾತ್ರ ಪುಡಿ ಹೆಪ್ಪುಗಟ್ಟಿ, ಚರ್ಮ ನೆನೆದ ಕಾಗದದಂತೆ ಕಳಚಿ ಬಂತು. ಅದನ್ನೊಂದು ತಟ್ಟೆಯಲ್ಲಿ ಇಟ್ಟೆವು.

ಮರೆಪ್ಪ ಉಳಿದ ಒಂದು ಗಟ್ಟಿಯ ಮೇಲೆ ನಿಂಬೆಹಣ್ಣು ಹಿಂಡಿದ. ಸೊಂಯ್ಯೆಂದು ನೊರೆ ಉಕ್ಕಿತು.

"ಸಗಣಿ ಬೂದಿ ಹಿಂಗೆ ಉಕ್ಕಲ್ಲ ಮೇಡಂ. ಇದು ಬರೀ ಸುಣ್ಣದಕಲ್ಲಿನ ಪುಡಿ, ಅದೇ ಕ್ಯಾಲ್ಸಿಯಂ. ನಿಜವಾದ ಬೂದಿ ಆಗಿದ್ರೆ ಅದರ ಕ್ಷಾರಕ್ಕೆ ಒಂದು ಮೀನೂ ಉಳೀತಿರಲಿಲ್ಲ. ಮೋಸ ಮಾಡಿದೋನು ನಿಮ್ಮನ್ನ ಉಳಿಸಿದ!"

ದೇವರು ಯಾವ ವೇಷದಲ್ಲಿ ಬರುತ್ತಾನೋ! ಆದರೆ ಕಳ್ಳ ವ್ಯಾಪಾರಿಯ ವೇಷಕ್ಕೆ ಕೈಮುಗಿಯಲು ನನಗೆ ಮನಸ್ಸಾಗಲಿಲ್ಲ.

ಹೊರಡುವಾಗ ಮರೆಪ್ಪ ಮೆಲ್ಲಗೆ, "ಅಂಗಡೀಲಿ ಇದೇ ಬಣ್ಣದ್ದು ಒಂದಿದೆ. ನಾಳೆ ಬೆಳಗ್ಗೆ ಇಟ್ಟುಬಿಡ್ಲಾ? ಸಾರ್‌ಗೆ ಗೊತ್ತಾಗಲ್ಲ" ಎಂದ.

ದಿನಾ ನಿದ್ದೆ ವಿಚಾರಿಸಿದವರಿಗೆ ಗೊತ್ತಾಗದೇ? ಬೇಡವೆಂದೆ. ಬಾಲ್ಕನಿಯ ಚೀಲ ತಂದು ಕೊಳವೆಗೆ ಮೂಳೆ ತುಂಬಿದೆ.

ಸೋಮವಾರ ಇವರು ಬಂದರು. ಚೀಲವನ್ನೂ ಇಳಿಸಲು ಬಿಡದೆ ಎಲ್ಲವನ್ನೂ ಹೇಳಿದೆ. ಇವರು ತಟ್ಟೆ ನೋಡುತ್ತ ನಿಂತರು. ಹೋಯಿತು, ಇನ್ನು ಗೋಡೆಯೇ ಗತಿ ಎಂದುಕೊಂಡೆ. ಯಂತ್ರದಲ್ಲಿ ಗುಳ್ಳೆ ಎಣಿಸಿದೆ. ನಲವತ್ತು ಹೋದವು. ನಲವತ್ತೊಂದಕ್ಕೆ ಬಾಯಿ ತೆರೆದರು.

"ಹನ್ನೆರಡು? ಒಂದು ಹಾಕಿ ನೋಡಬಾರದಾಗಿತ್ತೇನು? ಫೋನ್ ಮಾಡಬೇಕಿತ್ತು! ನಾ ಏನ್ ಸತ್ತಿದ್ನೇನು? ಬಾಯಿಲ್ಲದ ಜೀವ ಅದು, ಯಾರ ಮುಂದ ಹೇಳ್ಕೋಬೇಕು ತನ್ನ ಸಂಕಟ?"

ಅರ್ಧ ಗಂಟೆ ಬೈದರು. ಯಂತ್ರವನ್ನು, ಮರೆಪ್ಪನನ್ನು, ಬಾಗಿಲು ಹಾಕಿದ ಕಾರ್ಖಾನೆಯನ್ನು, ಅದರ ಮ್ಯಾನೇಜರನ್ನು, ಕೊನೆಗೆ ತಿರುಗಿ ನನ್ನನ್ನು! ಮೂರು ವರ್ಷದ ಬಾಕಿಯೆಲ್ಲ ಬಂತು. ಕೆಳಗಿನ ಮನೆಯ ಕಮಲಾದೇವಿಯವರು "ಏನಾಯ್ತು ಆಂಟಿ?" ಎಂದು ಓಡಿಬಂದರು. "ಏನಿಲ್ಲ, ಯಜಮಾನ್ರು ಮಾತಾಡ್ತಿದಾರೆ" ಎಂದೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಉಳಿದದ್ದನ್ನು ಬೈಸಿಕೊಳ್ಳಲು ಒಳಗೆ ಓಡಿದೆ.

ಬೈದು ದಣಿದ ಮೇಲೆ ಸತ್ತ ಹವಳವನ್ನು ತೊಳೆದು, ತುಂಡು ಮಾಡಿ, ನನ್ನ ಕೈಗಿಟ್ಟರು. "ಇದನ್ನೂ ಅದರಾಗ ಹಾಕು. ಉಳಿದವಕ್ಕ ಆಗ್ತೈತಿ." ಲಿಂಗದ ಕೆಳಗೆ ಕುಳಿತು ನನ್ನ ಕೈಯಾರೆ ಹಾಕಿದೆ.

ಮರುದಿನ ಬೆಳಗ್ಗೆ ಸ್ನಾನ ಮಾಡಿ ಗೂಡಿನ ಮುಂದೆ ನಿಂತೆ. ಉಳಿದದ್ದು ನಿಂಬೆರಸ ಕುಡಿದ ಆ ಒಂದೇ ಗಟ್ಟಿ. ಸುಣ್ಣವೋ ಭಸ್ಮವೋ, ಮೂವತ್ತು ವರ್ಷದ ಅಭ್ಯಾಸ. ಮೂರು ಬೆರಳಿಂದ ತೇಯ್ದು ಹಣೆಗೆ ಎಳೆದೆ. ಹಿಂದಿನಿಂದ ಸ್ಪಷ್ಟವಾದ ದನಿ ಕೇಳಿಸಿತು. ಈ ಸಲ ಅದು ಹವಳಕ್ಕೆ ಹೇಳಿದ್ದಲ್ಲ.

"ಹಚ್ಚು ಹಚ್ಚು! ಮೂವತ್ತು ವರ್ಷ ನಿನ್ನ ಹಣಿ ದಿನಾ ಕ್ಯಾಲ್ಸಿಯಂ ಉಂಡೈತಿ. ಅದಕ್ಕ ನಿನ್ನ ತಲಿ ಇಷ್ಟು ಗಟ್ಟಿ!"