ಫೋನಿನಲ್ಲಿ ‘ಸೆರಗಿನ ಕೆಂಡ’

ಏಷ್ಯನ್ ಗೇಮ್ಸ್ ಬರುತ್ತದೆಂದು ದೋಹಾದ ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದ ವರ್ಷ. ಆ ಬೇಸಿಗೆಯಲ್ಲಿ ಒಂದು ದಿನ ಶಮಾಲ್ ಎಂಬ ಮರಳುಗಾಳಿ ಎದ್ದು, ಅಗೆದ ಮಣ್ಣನ್ನೆಲ್ಲ ಊರ ಮೇಲೆ ಎರಚಿ ಹೋಯಿತು. ಬೇರೆಯವರ ಕಾರು ಕೊಳೆಯಾಯಿತು, ಒಣಹಾಕಿದ ಬಟ್ಟೆ ಹಾರಿಹೋಯಿತು. ಅದನ್ನೆಲ್ಲ ಸಹಿಸಬಹುದು. ವಸಂತಿಯ ದೂರು ಬೇರೆಯೇ ಇತ್ತು. ಅಲ್ ರಯ್ಯಾನಿನ ಆ ಹಳೆಯ ವಿಲ್ಲಾದ ಮಾಳಿಗೆಯ ಮೇಲೆ, ಅಷ್ಟು ದಿನ ಭಾರತದ ಚಾನೆಲ್ಲುಗಳನ್ನು ನಿಷ್ಠೆಯಿಂದ ಹಿಡಿದು ಕೊಡುತ್ತಿದ್ದ ಡಿಶ್ಶಿನ ಮುಖವನ್ನು ಗಾಳಿ ತಿರುಗಿಸಿಬಿಟ್ಟಿತ್ತು. ಸಂಜೆ ಆರೂವರೆಗೆ ‘ಸೆರಗಿನ ಕೆಂಡ’ ಧಾರಾವಾಹಿ ಬರಬೇಕಾದ ಜಾಗದಲ್ಲಿ ಗಡ್ಡದವರೊಬ್ಬರು ಗಿಡುಗ ಸಾಕುವುದು ಹೇಗೆಂದು ಅರಬಿಯಲ್ಲಿ ವಿವರಿಸುತ್ತಿದ್ದರು.

(ಚೆನ್ನಾಗಿಯೇ ವಿವರಿಸುತ್ತಿದ್ದರು. ಆದರೆ ಗಿಡುಗಕ್ಕೆ ಅತ್ತೆ ಇರಲಿಲ್ಲ.)

ಡಿಶ್ ಸರಿ ಮಾಡುವವನು ಫೋನಿನಲ್ಲಿ “ಬುಕ್ರಾ” ಎಂದ. ಬುಕ್ರಾ ಎಂದರೆ ನಾಳೆ. ಯಾವ ನಾಳೆ ಎನ್ನುವುದು ಕೇಳುವವರ ಭಕ್ತಿಗೆ ಬಿಟ್ಟದ್ದು.

ಒಂದು ಧಾರಾವಾಹಿ ತಪ್ಪಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂದು ನೀವು ಹೇಳಬಹುದು. ವಸಂತಿಯ ತಲೆಯ ಮೇಲೆ ಮಾತ್ರ ಅದು ಕಳಚಿ ಬೀಳುವುದರಲ್ಲಿತ್ತು. ಗಂಡ ತಾರಾನಾಥ ದೂರದ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ. ಪ್ಲಾಂಟಿನ ದೊಡ್ಡ ರಿಪೇರಿ ಕೆಲಸ ನಡೆಯುತ್ತಿದ್ದುದರಿಂದ ಕ್ಯಾಂಪಿನಲ್ಲೇ ವಾಸ, ಮನೆಗೆ ಬರುವುದು ಶುಕ್ರವಾರ ಮಾತ್ರ. ಮಗಳು ಮೋಕ್ಷಾ ಪಿಯುಸಿ ಓದಲು ಊರಿಗೆ ಹೋದ ಮೇಲೆ ಮನೆಯಲ್ಲಿ ಮಾತಿಗೇ ಬರ. ತಾರಾನಾಥ ಒಳ್ಳೆಯವನು, ಆದರೆ ಮಾತನ್ನು ಕೇಸರಿಯಂತೆ ಎಸಳು ಲೆಕ್ಕದಲ್ಲಿ ಬಳಸುವವನು. ಅವನ ಫೋನು ಬಂದರೆ ಸಂಭಾಷಣೆ ಹೀಗಿರುತ್ತಿತ್ತು:

“ಊಟ ಆಯ್ತಾ?”

“ಆಯ್ತು.”

“ಗ್ಯಾಸ್ ಬಂದ್ ಮಾಡಿದ್ದೀಯಾ?”

“ಮಾಡಿದ್ದೇನೆ.”

“ಸರಿ. ಇಡ್ಲಾ?”

ಇಡೀ ಲೋಕಕ್ಕೆ ಗ್ಯಾಸ್ ಕಳಿಸುವ ಊರಿನಲ್ಲಿ ದುಡಿಯುವ ಮನುಷ್ಯನಿಗೆ ಮನೆಯ ಒಂದು ಸಿಲಿಂಡರಿನದೇ ಚಿಂತೆ! ಡಿಶ್ ನೆಟ್ಟಗಿದ್ದ ಕಾಲದ ಒಂದು ಸಂಜೆ ಏನೂ ತೋಚದೆ ವಸಂತಿ, “ಆ ‘ಸೆರಗಿನ ಕೆಂಡ’ದ ಅತ್ತೆ ರಾಜರಾಜೇಶ್ವರಿ ಇವತ್ತು ಸೊಸೆ ಮೃಣಾಲಿನಿಯನ್ನು ಮೆಟ್ಟಿಲಿಂದ ದೂಡಿದಳು” ಎಂದುಬಿಟ್ಟಳು. “ಮತ್ತೆ?” ಎಂದ ತಾರಾನಾಥ ಆ ಕಡೆಯಿಂದ. ಮದುವೆಯಾದಾಗಿನಿಂದ ಅವನ ಬಾಯಲ್ಲಿ ಬಂದ ಮೊದಲ “ಮತ್ತೆ?” ಅದು. ವಸಂತಿ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಂದಿನಿಂದ ಪ್ರತಿ ಸಂಜೆ ಧಾರಾವಾಹಿ ಮುಗಿಯುತ್ತಲೇ ಫೋನು ಬರುತ್ತಿತ್ತು; ಅರ್ಧ ಗಂಟೆ ಮಾತು, ನಗು, ಅತ್ತೆಗೆ ಬೈಗುಳ. ಈಗ ಡಿಶ್ ಇಲ್ಲವೆಂದರೆ ಮರಳಿ ಸಿಲಿಂಡರಿಗೇ ಬರಬೇಕು.

ಅಡುಗೆಮನೆಯ ಕಪಾಟಿನೊಳಗಿನ ಕೃಷ್ಣನ ಪಟಕ್ಕೆ ದೀಪ ಹಚ್ಚಿ ಕೈಮುಗಿಯುವಷ್ಟರಲ್ಲಿ ಫೋನು ರಿಂಗಾಯಿತು.

“ಎಂತ ಆಯ್ತು ಇವತ್ತು?”

ವಸಂತಿ ಪಟ ನೋಡಿದಳು. ಬೆಣ್ಣೆಗಾಗಿ ಸುಳ್ಳು ಹೇಳಿದವನು ತನಗೇನು ಬುದ್ಧಿ ಹೇಳಿಯಾನು? “ಇವತ್ತಾ... ಇವತ್ತು ರಾಜರಾಜೇಶ್ವರಿಗೆ ಎದೆನೋವು ಬಂತು” ಎಂದಳು. “ಐಸಿಯುನಲ್ಲಿ ಮಲಗಿಸಿದ್ದಾರೆ.”

“ಅಯ್ಯೋ! ಮತ್ತೆ?”

ಅವಳ ಅಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಪ್ರಸಂಗದಲ್ಲಿ ಎರಡು ಸಾಲಿನ ಪದ್ಯವಿದ್ದರೆ ಅಜ್ಜ ಗಂಟೆಗಟ್ಟಲೆ ಮಾತು ಬೆಳೆಸಿ ಸಭೆಯನ್ನು ಅಳಿಸುತ್ತಿದ್ದರು. ಅದನ್ನು ಯಾರೂ ಸುಳ್ಳೆನ್ನಲಿಲ್ಲ, ಶಾಲು ಹೊದೆಸಿದರು. ಹಾಗೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ವಸಂತಿ ಅಂದು ಅತ್ತೆಯ ಮೂಗಿಗೆ ನಳಿಗೆ ಸಿಕ್ಕಿಸಿದಳು, ಮರುದಿನ ಅತ್ತೆಯ ಮಾತನ್ನೇ ನಿಲ್ಲಿಸಿದಳು, ಮೂರನೆಯ ದಿನ ಸೊಸೆಯ ಕೈಯಿಂದಲೇ ಗಂಜಿ ಕುಡಿಸಿದಳು. ಕಥೆ ಬಸಳೆ ಬಳ್ಳಿಯಂತೆ ಹಬ್ಬಿತು.

ಅದೇ ಡಿಶ್ಶನ್ನು ನಂಬಿದ್ದ ಪಕ್ಕದ ಮನೆಯ ಝಾಹಿದಾ ಸಂಜೆ ಮಗ್ರಿಬ್ ನಮಾಜು ಮುಗಿಸಿ ಬಂದು ಸೋಫಾದಲ್ಲಿ ಕಾಲು ಮಡಚಿ ಕೂತು, ಫೋನಿನ ಈ ತುದಿಯಿಂದ ಕಥೆ ಕೇಳತೊಡಗಿದಳು.

“ವಸಂತಿಯಕ್ಕ, ಆ ಮೃಣಾಲಿನಿಯ ಗಂಡ ಅಖಿಲೇಶ ಎಲ್ಲಿ ಹೋದ? ಹೆಂಡತಿ ಇಷ್ಟು ಕಷ್ಟದಲ್ಲಿರುವಾಗ ಬರುವುದು ಬೇಡವಾ ಅವನಿಗೆ?”

“ಅವನಿಗೆ ರಜೆ ಸಿಗುವುದಿಲ್ಲ ಮಾರಾಯ್ತಿ.”

“ಅಷ್ಟು ದೊಡ್ಡ ಎಸ್ಟೇಟಿನ ಯಜಮಾನನಿಗೆ ರಜೆ ಕೊಡುವುದು ಯಾರು?”

ಆ ಸಂಜೆಯೇ ವಸಂತಿಯ ಕಥೆಯಲ್ಲಿ ಅಖಿಲೇಶನ ಎಸ್ಟೇಟು ಸಾಲಕ್ಕೆ ಮುಳುಗಿ, ಅವನು ದೂರದ ಮರುಭೂಮಿಯ ಕಾರ್ಖಾನೆ ಸೇರಿದ. ಅಲ್ಲಿ ಅವನಿಗೊಬ್ಬ ಮ್ಯಾನೇಜರು ಬೇಕಾಯಿತು. ತಾರಾನಾಥನ ಸೂಪರ್‌ವೈಸರ್ ಚನ್ನಕೇಶವ ಯಾರು ರಜೆ ಕೇಳಿದರೂ ಕಾರಿನ ಕೀಯಿಂದ ಕಿವಿ ತುರಿಸಿಕೊಳ್ಳುತ್ತ “ನೋಡೋಣ, ನೋಡೋಣ” ಎನ್ನುತ್ತಾರೆಂದು ಅವಳು ಕೇಳಿದ್ದಳು. ಕೀ, ಕಿವಿ, “ನೋಡೋಣ” ಮೂರನ್ನೂ ಹಾಗೆಯೇ ಎತ್ತಿ ಗಜೇಂದ್ರನೆಂಬ ಖಳನಾಯಕನನ್ನು ಸೃಷ್ಟಿಸಿದಳು. ತಾರಾನಾಥ ಬಿದ್ದು ಬಿದ್ದು ನಕ್ಕ. ಅವನ ನಗುವಿನ ಹಿಂದೆ ಇನ್ನೂ ಹತ್ತಾರು ನಗು ಕೇಳಿದಂತಾಯಿತು. ಫೋನಿನಲ್ಲಿ ಪ್ರತಿಧ್ವನಿ ಇರಬೇಕೆಂದುಕೊಂಡಳು ಪಾಪ.

ಕೊನೆಗೊಂದು ದಿನ ಆ ‘ಬುಕ್ರಾ’ ನಿಜವಾಗಿಯೂ ಬಂದಿತು. ಡಿಶ್ಶಿನ ಮುಖ ಸರಿಹೋಯಿತು. ಇಬ್ಬರೂ ಟಿವಿ ಮುಂದೆ ಕೂತರೆ, ವಸಂತಿ ಗಂಜಿ ಕುಡಿಸಿ ಬದುಕಿಸುತ್ತಿದ್ದ ರಾಜರಾಜೇಶ್ವರಿ ಜರಿಸೀರೆ ಉಟ್ಟು ಮದುವೆಮನೆಯಲ್ಲಿ ಕುಣಿಯುತ್ತಿದ್ದಾಳೆ! ಅಖಿಲೇಶ ಎಸ್ಟೇಟಿನ ಜೀಪಿನಲ್ಲಿ ಓಡಾಡುತ್ತಿದ್ದಾನೆ. ಗಜೇಂದ್ರನ ಸುಳಿವೇ ಇಲ್ಲ.

ವಸಂತಿ ನಾಚಿ ತಲೆತಗ್ಗಿಸಿದಳು. ಝಾಹಿದಾ ಸ್ವಲ್ಪ ಹೊತ್ತು ನೋಡಿ ಮುಖ ಸಿಂಡರಿಸಿದಳು. “ಆಫ್ ಮಾಡಿ ಅಕ್ಕ. ಇವರಿಗೆ ಕಥೆಯೇ ಗೊತ್ತಿಲ್ಲ.”

ಹೀಗೆ ನಿಜವಾದ ‘ಸೆರಗಿನ ಕೆಂಡ’ ಆ ವಿಲ್ಲಾದಿಂದ ಬಹಿಷ್ಕೃತವಾಯಿತು.

ಮುಂದಿನ ಶುಕ್ರವಾರ ಬೆಳಿಗ್ಗೆ ತಾರಾನಾಥನ ಫೋನು. “ಇವತ್ತು ಊಟಕ್ಕೆ ಇಬ್ಬರನ್ನು ಕರೆದುಕೊಂಡು ಬರ್ತೇನೆ. ನಮ್ಮ ಇನ್ಸ್‌ಟ್ರುಮೆಂಟ್ ಟೆಕ್ನೀಶಿಯನ್ ಹ್ಯೂಬರ್ಟ್. ಮತ್ತೆ ಚನ್ನಕೇಶವ ಸಾರ್.”

ವಸಂತಿಯ ಕೈಯ ಸೌಟು ಸಾರಿನ ಪಾತ್ರೆಯೊಳಗೆ ಬಿತ್ತು. ಆದರೂ ಧೈರ್ಯ ತಂದುಕೊಂಡಳು. ಗಜೇಂದ್ರನ ವಿಷಯ ತನಗೂ ಗಂಡನಿಗೂ ಝಾಹಿದಾಳಿಗೂ ಬಿಟ್ಟರೆ ಕೃಷ್ಣನಿಗೆ ಮಾತ್ರ ಗೊತ್ತು.

ಚನ್ನಕೇಶವ ಹಾಸನದ ಕಡೆಯವರು, ಸಾಧು ಮುಖ. ಕೋರಿರೊಟ್ಟಿಯ ಮೇಲೆ ಕೋಳಿಸಾರು ಸುರಿದುಕೊಂಡು ಸಂತೋಷದಿಂದ ಉಣ್ಣುತ್ತಿದ್ದರು. ನಡುವೆ ಅವರ ಎಡಗೈ ಅಂಗಿಯ ಜೇಬಿಗೆ ಹೋಯಿತು, ಕಾರಿನ ಕೀ ಹೊರಗೆ ಬಂತು, ಕಿವಿಯ ಹತ್ತಿರದವರೆಗೂ ಹೋಯಿತು, ಅಲ್ಲಿ ಸ್ವಲ್ಪ ಯೋಚಿಸಿತು, ಮೆಲ್ಲಗೆ ಜೇಬಿಗೇ ಮರಳಿತು. ರೊಟ್ಟಿ ಮುರಿಯುವ ಸದ್ದು ನಿಂತುಹೋಯಿತು.

“ಗಜೇಂದ್ರ ಅಂದ್ರೆ ನಾನೇ ಅಲ್ವೇನಮ್ಮ?”

ಭೂಮಿ ಬಾಯಿ ಬಿಡಲಿಲ್ಲ. ಕೆಳಗೆ ಸಿಮೆಂಟು ನೆಲ. “ಸಾರ್... ನಿಮಗೆ ಹೇಗೆ...”

“ನನಗೊಬ್ಬನಿಗೇನಮ್ಮ? ಇಡೀ ಮೆಸ್ಸಿಗೇ ಗೊತ್ತು! ಈ ತಾರಾನಾಥ ಫೋನನ್ನ ಸ್ಪೀಕರಿಗೆ ಹಾಕಿ ಊಟದ ಮೇಜಿನ ಮೇಲೆ ಇಡ್ತಾನೆ. ಗೇಟಿನ ಸೆಕ್ಯೂರಿಟಿಯವನು ನೇಪಾಳದೋನು, ಕನ್ನಡ ಒಂದಕ್ಷರ ಬರಲ್ಲ. ಅವನೂ ನನಗೆ ‘ಗುಡ್ ಮಾರ್ನಿಂಗ್ ಗಜೇಂದ್ರ ಸಾರ್’ ಅಂತಾನೆ!”

“ಕ್ಯಾಂಪಿನಲ್ಲಿ ಈಗ ಎರಡು ಪಕ್ಷ ಅಕ್ಕ,” ಎಂದ ಹ್ಯೂಬರ್ಟ್ ಉತ್ಸಾಹದಿಂದ. “ಟಿವಿ ಪಾರ್ಟಿ, ಫೋನ್ ಪಾರ್ಟಿ. ನಾನು ಫೋನ್ ಪಾರ್ಟಿ. ಇಂಟರ್‌ನೆಟ್ಟಿನಲ್ಲಿ ‘ಸೆರಗಿನ ಕೆಂಡ’ ನೋಡುವವರ ಒಂದು ಗುಂಪುಂಟು, ಅದರಲ್ಲಿ ನಿಮ್ಮ ಕಥೆಯನ್ನೂ ಬರೆದೆ. ಅಲ್ಲಿ ಈಗ ದೊಡ್ಡ ಜಗಳ. ಮೆಲ್ಬರ್ನಿನವರು ಒಬ್ಬರು ನಿಮ್ಮದೇ ಅಸಲಿ, ಟಿವಿಯಲ್ಲಿ ಬರುವುದು ಡೂಪ್ಲಿಕೇಟ್ ಅಂತ ಹಟ ಹಿಡಿದಿದ್ದಾರೆ.”

ವಸಂತಿಯ ಕಿವಿಗೆ ಮೆಲ್ಬರ್ನ್ ಬೀಳಲಿಲ್ಲ. ಅವಳು ಗಂಡನನ್ನೇ ನೋಡುತ್ತಿದ್ದಳು.

“ಮೆಸ್ಸಿನಲ್ಲಿ ಟಿವಿ ಉಂಟಾ?”

“ಉಂಟು,” ಎಂದ ತಾರಾನಾಥ, ಕೋಳಿಯ ಎಲುಬಿನೊಳಗೆ ಏನನ್ನೋ ಹುಡುಕುತ್ತ.

“ನೀವು ‘ಸೆರಗಿನ ಕೆಂಡ’ ನೋಡ್ತಿದ್ರಾ?”

“ದಿನಾ. ಮೊದಲಿಂದಲೂ.”

“ಹಾಗಾದ್ರೆ ನನ್ನ ಹತ್ರ ಯಾಕೆ ಕೇಳ್ತಿದ್ದದ್ದು ನೀವು?”

ಎಲುಬು ಎಲೆಗೆ ಮರಳಿತು. ತಾರಾನಾಥ ತಲೆ ಎತ್ತಿದ. “ಮತ್ತೆ ಎಂತ ಕೇಳುವುದು ನಾನು? ಗ್ಯಾಸ್ ಬಂದ್ ಮಾಡಿದ್ದೀಯಾ ಅಂತ ಎಷ್ಟು ಸಲ ಕೇಳ್ಲಿಕ್ಕಾಗ್ತದೆ?”

ವಸಂತಿ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳಿಗೆ ಇನ್ನೊಂದು ನೆನಪಾಗಿ ಮುಖ ಸೆರಗಿನ ಕೆಂಡಕ್ಕಿಂತ ಕೆಂಪಾಯಿತು. ಕಳೆದ ವಾರ ಅವಳ ಕಥೆಯ ಮೃಣಾಲಿನಿ ದೂರದ ಗಂಡನಿಗೆ ಫೋನಿನಲ್ಲಿ ಹೇಳಿದ್ದಳು: ‘ನೀವು ಇಲ್ಲಿಲ್ಲ ಅಂತ ಕೈಗೆ ಇನ್ನೂ ಗೊತ್ತಾಗಿಲ್ಲ. ದಿನಾ ಇಬ್ಬರಿಗೇ ಅಕ್ಕಿ ಹಾಕ್ತೇನೆ.’ ಅದು ಮೃಣಾಲಿನಿಯ ಮಾತಾಗಿರಲಿಲ್ಲ.

“ಆ ದಿನ ಯಾರೂ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ ಅಕ್ಕ,” ಎಂದ ಹ್ಯೂಬರ್ಟ್ ಮೆಲ್ಲಗೆ. “ಆದರೆ ಅಷ್ಟು ಕೇಳಿದ್ದೇ ತಡ, ಈ ತಾರಾನಾಥ ಫೋನು ಎತ್ತಿಕೊಂಡು ಹೊರಗೆ ನಡೆದ. ನಮಗೆ ಮುಂದಿನದು ಗೊತ್ತೇ ಆಗಲಿಲ್ಲ. ಎಂತ ಹೇಳಿದಳು ಅವಳು?”

“ಅವರಿಗೆ ಸಾರು ಹಾಕು ವಸಂತಿ,” ಎಂದ ತಾರಾನಾಥ ಅವಸರದಿಂದ.

ಚನ್ನಕೇಶವ ಎಲೆ ಬಿಟ್ಟು ಏಳುವ ಮೊದಲು ಕೈಮುಗಿದರು. “ನೋಡಮ್ಮ, ಇವನಿಗೆ ನಾಳೆಯಿಂದ ಒಂದು ವಾರ ರಜೆ ಕೊಟ್ಟಿದೀನಿ. ‘ನೋಡೋಣ’ ಅಂತ ಒಂದ್ಸಲಾನೂ ಅನ್ನಲಿಲ್ಲ, ಕೇಳು ಬೇಕಾದ್ರೆ. ಇನ್ನಾದ್ರೂ ಆ ಗಜೇಂದ್ರನ್ನ ಸ್ವಲ್ಪ ಒಳ್ಳೆಯವನನ್ನಾಗಿ ಮಾಡು ತಾಯಿ.”

ರಜೆಯ ಮೊದಲ ಸಂಜೆ. ಒಲೆಯ ಮೇಲೆ ಹೆಸರುಕಾಳು ಬೇಯಲು ಇಟ್ಟು ವಸಂತಿ ಬಂದು ಸೋಫಾದ ಈ ತುದಿಯಲ್ಲಿ ಕೂತಳು. ತಾರಾನಾಥ ಆ ತುದಿಯಲ್ಲಿ. ಮೃಣಾಲಿನಿ ಇಲ್ಲ, ಗಜೇಂದ್ರ ಇಲ್ಲ. ಒಟ್ಟಿಗೆ ಕೂತರೆ ಇಬ್ಬರಿಗೂ ನಾಚಿಕೆ.

“ಸೆಕೆ,” ಎಂದ ಅವನು.

“ಹೌದು,” ಎಂದಳು ಅವಳು.

ತಾರಾನಾಥ ಎದ್ದು ಮಲಗುವ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ. ಇಷ್ಟೇ ಇವರ ಹಣೆಬರಹ ಎಂದು ವಸಂತಿ ನಿಟ್ಟುಸಿರು ಬಿಡುವಷ್ಟರಲ್ಲಿ ಹಾಲ್‌ನ ಫೋನು ರಿಂಗಾಯಿತು.

“ಹಲೋ. ನಾನು,” ಎಂದಿತು ಫೋನು. ಬಾಗಿಲ ಸಂದಿನಿಂದಲೂ ಅದೇ ಧ್ವನಿ ಬಂತು.

ವಸಂತಿ ಸೆರಗಿನಿಂದ ಬಾಯಿ ಮುಚ್ಚಿ ನಗು ನುಂಗಿದಳು. “ಹೇಳಿ. ಅಖಿಲೇಶ ಇವತ್ತು ರೈಲು ಹತ್ತಿ...”

“ಅವನ ವಿಷಯ ಇರಲಿ ಮಾರಾಯ್ತಿ. ನಿನ್ನದು ಹೇಳು.”

ಅತ್ತೆಯನ್ನು ಐಸಿಯುಗೆ ಸೇರಿಸಿದವಳು, ಎಸ್ಟೇಟು ಮುಳುಗಿಸಿದವಳು, ಮೆಲ್ಬರ್ನಿನಲ್ಲಿ ಜಗಳ ಹಚ್ಚಿದವಳು, ತನ್ನದನ್ನು ಹೇಳಬೇಕಾಗಿ ಬಂದಾಗ ರಿಸೀವರನ್ನು ಕಿವಿಯಿಂದ ಕಿವಿಗೆ ಬದಲಿಸಿದಳು. ಕೊನೆಗೆ, “ಮೋಕ್ಷಾ ಹೋದ ದಿನ...” ಎಂದು ಹೇಗೋ ಶುರು ಮಾಡಿದಳು.

“ಮತ್ತೆ?” ಎಂದ ತಾರಾನಾಥ.

ಅಡುಗೆಮನೆಯಲ್ಲಿ ಹೆಸರುಕಾಳು ತಳ ಹಿಡಿಯಿತು. ವಾಸನೆ ಹಾಲ್‌ಗೂ ಬಂತು, ಕೋಣೆಗೂ ಹೋಯಿತು. ಫೋನು ಮಾತ್ರ ಇಬ್ಬರೂ ಇಡಲಿಲ್ಲ.