ಭಪ್ಪರೇ ಹಿಡಿಯುವ ಮಿಷಿನ್

ಲೋಕಪ್ರಸಿದ್ಧ ಪಿಯಾನೋ ವಾದಕರನ್ನು ಕಂಡು ನನಗೆ ಎಂದೂ ಹೊಟ್ಟೆಕಿಚ್ಚು ಬಂದದ್ದಿಲ್ಲ. ಅವರು ತಮ್ಮ ಪಾಡಿಗೆ ತಾವು ಯಾವುದೋ ದೂರದ ಊರಿನಲ್ಲಿ ನುಡಿಸಿಕೊಂಡಿರುತ್ತಾರೆ. ಹೊಟ್ಟೆಕಿಚ್ಚು ಸರಿಯಾಗಿ ಹತ್ತಿಕೊಳ್ಳಬೇಕಾದರೆ ಮನುಷ್ಯ ನಮ್ಮ ಪಕ್ಕದಲ್ಲೇ ಊಟಕ್ಕೆ ಕೂತು, ನಮ್ಮ ಹೆಂಡತಿಯ ಕೈಯಿಂದಲೇ ಮತ್ತೊಮ್ಮೆ ಪುಂಡಿಪಲ್ಯ ಹಾಕಿಸಿಕೊಳ್ಳಬೇಕು. ನನ್ನ ಪಾಲಿಗೆ ಆ ಮನುಷ್ಯ ಹೆಂಡತಿ ಗೌರಿಯ ತಮ್ಮ, ದೇವದುರ್ಗದಲ್ಲಿ ಮೇಷ್ಟ್ರಾಗಿರುವ ಶರಣು.

ನಾನೂ ಮೇಷ್ಟ್ರೇ, ರಾಯಚೂರಿನಲ್ಲಿ. ನಮ್ಮ ಶಾಲೆಯ ಸಭಾಂಗಣದ ಮೂಲೆಯಲ್ಲಿ ಯಾವ ಕಾಲದ್ದೋ ಒಂದು ಪಿಯಾನೋ ಇದೆ. ಅದನ್ನು ನುಡಿಸಲು ಬರುವವನು ಇಡೀ ಶಾಲೆಗೆ ನಾನೊಬ್ಬನೇ ಎಂಬ ಜಂಬದಲ್ಲಿ ವರ್ಷಗಟ್ಟಲೆ ಸುಖವಾಗಿದ್ದೆ. ಒಂದು ಭಾನುವಾರ, ನನ್ನ ವಿದ್ಯೆ ತೋರಿಸೋಣವೆಂದು ಶರಣುವನ್ನು ನಾನೇ ಅಲ್ಲಿಗೆ ಕರೆದುಕೊಂಡು ಹೋದೆ. ಬುದ್ಧಿ ಇದ್ದವರು ಮಾಡುವ ಕೆಲಸವಲ್ಲ. ಅವನು ಹಾರ್ಮೋನಿಯಂ ಕಲಿತವನು. "ಮಾವಾ, ನಾನೂ ಒಮ್ಮಿ ನೋಡ್ಲೇನ್ರಿ?" ಎಂದು ಕೂತವನೇ ಭೀಮಪಲಾಸ ರಾಗ ನುಡಿಸಿಬಿಟ್ಟ. ಜೇಬಿನಿಂದ ಅಂಗೈಯಗಲದ ಒಂದು ಮಿಷಿನ್ ತೆಗೆದು, ದೂರದ ಕುರ್ಚಿಯ ಮೇಲಿಟ್ಟು ರೆಕಾರ್ಡೂ ಮಾಡಿಕೊಂಡ. ಸಂಜೆಯೊಳಗೆ ಅದು ಮನೆಯವರ ವಾಟ್ಸಾಪ್ ಗುಂಪಿಗೆ ಬಂತು. ಹಿಂದೆಯೇ ಮಾನ್ವಿಯಿಂದ ನನ್ನ ಅತ್ತೆಯ ಧ್ವನಿಯೂ ಬಂತು: "ಭಪ್ಪರೇ ನನ್ನ ಮಗನ! ಅಷ್ಟು ದೊಡ್ಡ ಪೇಟಿ ಒಬ್ನ ಬಾರಿಸೀದಿ. ಗಾಳಿ ಯಾರು ಹಾಕಿದ್ರೋ?" ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತಾರೆ, ಪೇಟಿ ಎಂದ ಮೇಲೆ ಅದಕ್ಕೆ ಗಾಳಿ ಹಾಕಲೇಬೇಕು. ಹಾಕಿದವನು ನಾನೇ ಇರಬೇಕೆಂದು ಗುಂಪಿನವರೆಲ್ಲ ತೀರ್ಮಾನಿಸಿದರು.

ಅಂದಿನಿಂದ ಗೌರಿ ರೊಟ್ಟಿ ಬಡಿಯುವಾಗಲೆಲ್ಲ ತಮ್ಮನ ರೆಕಾರ್ಡನ್ನೇ ಹಾಕಿಕೊಂಡು, ಮುಗಿದೊಡನೆ "ಭಪ್ಪರೇ" ಎನ್ನತೊಡಗಿದಳು. ಮದುವೆಯಾದಾಗಿನಿಂದ ನನಗೆ ಅವಳ ಬಾಯಿಂದ ಒಂದೇ ಒಂದು ಭಪ್ಪರೇ ಬಿದ್ದಿರಲಿಲ್ಲ. ನನಗೆ ಅದು ಬೇಕೇ ಬೇಕಾಗಿತ್ತು. ಅದೇ ಪಿಯಾನೋದಲ್ಲಿ ಅದೇ ಭೀಮಪಲಾಸ ನುಡಿಸಿ, ಫೋನಿನಲ್ಲಿ ಹಿಡಿದು ತಂದು ಕೇಳಿಸಿದೆ. ಅವಳು ತುಸು ಹೊತ್ತು ಕಿವಿಗೊಟ್ಟು, "ಕೊಡ ಏನರ ಬಿತ್ತೇನ್ರಿ ಅಲ್ಲಿ?" ಎಂದಳು. ತಪ್ಪು ನನ್ನ ಬೆರಳಿನದಲ್ಲ, ಮಿಷಿನ್ನಿನದು ಎಂದು ನನಗೆ ಕೂಡಲೇ ಖಾತ್ರಿಯಾಯಿತು.

ಮಾರ್ಕೆಟ್ಟಿನ ಚಾಂದ್ ಭಾಯಿಯ ಅಂಗಡಿಗೆ ಹೋದೆ. ಪಿಯಾನೋವನ್ನು ಮನೆಗೆ ಹೊತ್ತು ತರಲಾಗದು, ಆದ್ದರಿಂದ ಮಿಷಿನ್ ಚೀಲದಲ್ಲಿ ಹಿಡಿಸುವಂತಿರಬೇಕು, ಮೇಷ್ಟ್ರ ಸಂಬಳಕ್ಕೂ ಹಿಡಿಸುವಂತಿರಬೇಕು ಎಂದೆ. ಅವರು ಅಂಗಿಗೆ ಸಿಕ್ಕಿಸುವ ಕಾಲರ್ ಮೈಕು ತೆಗೆದರು.

"ಇದ ಒಯ್ರಿ ಸರ, ಎಲ್ಲಾರೂ ಇದನ್ನ ಒಯ್ಯಾಕತ್ಯಾರ."

"ಭಾಯ್, ಪಿಯಾನೋಕ್ಕ ಕಾಲರ್ ಎಲ್ಲಿ ಅದ?"

"ನಿಮಗ ಅದ ಅಲ್ರೀ!"

ಫೋನಿಗೆ ಚುಚ್ಚುವ ಮೈಕು ತೋರಿಸಿದರು, ಅದರ ಮೂತಿ ನನ್ನ ಹಳೆಯ ಫೋನಿಗೆ ಒಗ್ಗಲಿಲ್ಲ. ಕೊನೆಗೆ ಗಾಜಿನ ಕಪಾಟಿನ ಹಿಂದಿನಿಂದ ಒಂದು ಪುಟ್ಟ ರೆಕಾರ್ಡರ್ ಹೊರಬಂತು. ನೆತ್ತಿಯ ಮೇಲೆ ಎರಡು ಮೈಕು, ಹೊಟ್ಟೆಯಲ್ಲಿ ಸೆಲ್ಲು, ಪಕ್ಕದಲ್ಲಿ ಮೆಮರಿ ಕಾರ್ಡು. ಶರಣುವಿನದಕ್ಕಿಂತ ಒಂದು ಬೆರಳು ಉದ್ದವಿತ್ತು. ಅಷ್ಟು ಸಾಕಾಗಿತ್ತು ನನಗೆ.

ಮರುದಿನವೇ ಸಭಾಂಗಣಕ್ಕೆ ಹೋದೆ. ಅವನು ದೂರ ಇಟ್ಟಿದ್ದನಲ್ಲ, ನಾನು ಹತ್ತಿರ ಇಟ್ಟರೆ ಇನ್ನೂ ಚೆನ್ನಾಗಿ ಬರುತ್ತದೆಂದು ಲೆಕ್ಕ ಹಾಕಿ, ಪಿಯಾನೋದ ಮೇಲೆ ಸರಿಯಾಗಿ ನನ್ನ ಗದ್ದದ ಎದುರಿಗೆ ಇಟ್ಟೆ. ಗುಂಯ್‌ಗುಡುವ ಸದ್ದು ಸೇರದಿರಲೆಂದು ಫ್ಯಾನೂ ಆರಿಸಿದೆ. ರಾಯಚೂರಿನ ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಭೀಮಪಲಾಸ ನುಡಿಸಿದವರು ಬೇರೆ ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ. ಬೆವರು ಕಣ್ಣಿಗಿಳಿದರೂ ಬೆರಳು ತಪ್ಪಲಿಲ್ಲ. ಆ ಹುರುಪಿನಲ್ಲಿ, ಒಮ್ಮೆ ಕೇಳಿಯೂ ನೋಡದೆ ಗುಂಪಿಗೆ ಕಳಿಸಿಬಿಟ್ಟೆ.

ಗೌರಿ ಅಡುಗೆಮನೆಯಲ್ಲಿ ಅದನ್ನು ಹಾಕಿದಳು. ನಾನು ಬಾಗಿಲ ಮರೆಯಲ್ಲಿ ನಿಂತೆ. ಸ್ವರಗಳು ನಿಜಕ್ಕೂ ಚೆನ್ನಾಗಿಯೇ ಬಂದಿದ್ದವು. ಅವುಗಳ ನಡುವೆ, ಅವುಗಳಿಗಿಂತ ಸ್ಪಷ್ಟವಾಗಿ, ನುಡಿಸುತ್ತ ನಾನು ಅರಿವಿಲ್ಲದೆ ಗೊಣಗಿದ್ದೂ ಬರತೊಡಗಿತು: "ಹೂಂ... ಬಾರಿಸ್ತಾನಂತ ಬಾರಿಸ್ತಾನ... ಪೇಟಿ ಮಾಸ್ತರ... ಗಾಳಿ ಹಾಕಿದವ ನಾನಂತ... ಈಗ ಕೇಳ್ಲಿ ಮಗ... ಪುಂಡಿಪಲ್ಯ ತಿನ್ನಾಕ ಅಷ್ಟ ಲಾಯಕ್ಕು..."

ರೊಟ್ಟಿ ಬಡಿಯುವ ಸದ್ದು ನಿಂತಿತು. ಗೌರಿ ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು, ಮತ್ತೆ ನಕ್ಕಳು. ಕೊನೆಗೆ, "ಭಪ್ಪರೇ ನನ್ನ ಗಂಡನ!" ಎಂದಳು. ಇಷ್ಟು ವರ್ಷ ಕಾದದ್ದು ಸಿಕ್ಕಿತು, ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಅತ್ತೆ, "ಅಳಿಯಂದ್ರು ಹಾಡಾಕೂ ಕಲ್ತಾರೇನವಾ ಗೌರಿ?" ಎಂದು ಕೇಳಿ ಕಳಿಸಿದರು. ಶರಣು ಏನು ಬರೆಯುತ್ತಾನೋ ಎಂದು ಫೋನು ಹಿಡಿದೇ ಕೂತೆ. ಬರೆದ: "ಮಾವಾ, ಆವಾಜ್ ಭಾಳ ಸಾಫ್ ಬಂದದ. ನನ್ನದ್ರಾಗ ಇಷ್ಟು ಬರಂಗಿಲ್ಲ. ಯಾವ ಮಿಷಿನ್ರಿ ಅದು?"

ಕೆಣಕಿದ್ದಾನೋ ಎಂದು ತಿರುಗಿಸಿ ತಿರುಗಿಸಿ ಓದಿದೆ. ಇಲ್ಲ, ನಿಜವಾಗಿಯೇ ಕೇಳಿದ್ದ. ಇಷ್ಟು ಬೈಸಿಕೊಂಡೂ ಇಷ್ಟು ಸಮಾಧಾನವಾಗಿ ಇರಬಲ್ಲನಲ್ಲ ಎಂದು ಈಗ ಅದಕ್ಕೂ ಹೊಟ್ಟೆ ಉರಿಯುತ್ತಿದೆ. ಮಿಷಿನ್ನಿನ ಹೆಸರನ್ನು ಮಾತ್ರ ಅವನಿಗೆ ಇನ್ನೂ ಹೇಳಿಲ್ಲ.